ಮುಂಡೀಚಲು ಮರ: ಅದರ ಲಕ್ಷಣವೂ ಸಂರಕ್ಷಣೆಯೂ

ಪಶ್ಚಿಮಘಟ್ಟದ ಬೆಟ್ಟಗಳಲ್ಲಿಯೂ ಅವುಗಳ ತಪ್ಪಲಿನ ಹಿಡುವಳಿಗಳಲ್ಲಿಯೂ, ದೂರದಿಂದ ನೋಡುವವರಿಗೆ ಈಚಲಿನಂತೆ ತೋರುವ ಒಂದು ಜಾತಿಯ ಮರವುಂಟು. ಇದನ್ನು ಮುಂಡೀಚಲು ಎಂದು ಕರೆಯುವರು. ಸಸ್ಯಶಾಸ್ತ್ರಜ್ಞರು ಇದಕ್ಕೆ ಕೊಟ್ಟಿರುವ ಹೆಸರು ಸೈಕಾಸ್ ಸರ್ಸಿನಾಲಿಸ್. ಹಿಂದೆ ಬೆಟ್ಟದ ಸೀಮೆಯವರಿಗೆ ಚಿರಪರಿಚಿತವಾಗಿದ್ದ ಈ ಮರವು ಈಗ ಅನೇಕ ಕಡೆಗಳಲ್ಲಿ ವಿರಳವಾಗಿದೆ. ಪ್ರಕೃತಿ ಸಂರಕ್ಷಣೆಗಾಗಿ ಏರ್ಪಟ್ಟಿರುವ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಕೆಂಪುಪಟ್ಟಿಯಲ್ಲಿ ಇದನ್ನು ಅಳಿವಿನ ಅಪಾಯಕ್ಕೆ ಗುರಿಯಾದ ಜಾತಿಗಳೊಂದಿಗೆ ಸೇರಿಸಿದೆ.

ಹಿತ್ತಲಲ್ಲಿಯೋ ತೋಟದ ಅಂಚಿನಲ್ಲಿಯೋ ಒಂದೆರಡು ಮುಂಡೀಚಲುಗಳು ಹಸುರಾಗಿ ನಿಂತಿರುವುದನ್ನು ಕಂಡವರು ಈ ಜಾತಿಗೆ ಕೇಡೇನೂ ಇಲ್ಲವೆಂದು ಭಾವಿಸುವುದು ಸಹಜವು. ಆದರೆ ಈ ಭಾವನೆಯು ಸರಿಯಾದುದಲ್ಲ. ಈ ಜಾತಿಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಎರಡೂ ಸಮೀಪದಲ್ಲಿದ್ದು, ಒಂದೇ ಕಾಲದಲ್ಲಿ ಹೂಗೊನೆಯನ್ನು ಬಿಟ್ಟು, ಆ ಗೊನೆಯು ಮನುಷ್ಯರ ಕತ್ತಿಗೆ ಸಿಕ್ಕದೆ ಉಳಿದರೆ ಮಾತ್ರ ಮುಂದಿನ ಸಂತತಿಯು ಹುಟ್ಟುವುದು. ಒಂಟಿ ಮರವು ನೂರು ವರ್ಷ ಬದುಕಿದರೂ ಅದರಿಂದ ಬೀಜದ ಸಂತತಿಯಿಲ್ಲ. ಆದುದರಿಂದ ಮುಂಡೀಚಲನ್ನು ಉಳಿಸುವುದೆಂದರೆ ಮರಗಳ ಸಂಖ್ಯೆಯನ್ನು ಉಳಿಸುವುದು ಮಾತ್ರವಲ್ಲ, ಗಂಡುಹೆಣ್ಣುಗಳ ಜೊತೆಯನ್ನು ಉಳಿಸುವುದೆಂದು ಎಲ್ಲರೂ ತಿಳಿಯತಕ್ಕದ್ದು. ಈ ಕೆಲಸವು ಬಹುಮಟ್ಟಿಗೆ ಭೂಮಿಯ ಒಡೆಯರ ಮತ್ತು ಗ್ರಾಮಪ್ರಮುಖರ ಕೈಯಲ್ಲಿಯೇ ಇರುವುದು.

ಹೆಸರು ಮತ್ತು ನೆಲೆ

ಈ ಮರವನ್ನು ಪಾಶ್ಚಾತ್ಯ ಸಸ್ಯಶಾಸ್ತ್ರವು ಅರಿತುದು ಮಲಬಾರಿನ ಮೂಲಕ. ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಎಂಬವನು ಅಲ್ಲಿನ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವು ೧೬೭೮ರಿಂದ ೧೬೯೩ರ ವರೆಗೆ ೧೨ ಸಂಪುಟಗಳಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಮರದ ಚಿತ್ರವೂ ವರ್ಣನೆಯೂ ‘ತೊಡ್ಡ ಪನ್ನ’ ಎಂಬ ಹೆಸರಿನಲ್ಲಿವೆ. ಸ್ವೀಡನ್ ದೇಶದ ಲಿನೀಯಸ್ ಪಂಡಿತನು ೧೭೫೩ರಲ್ಲಿ ಇದಕ್ಕೆ ಈಗಿನ ಶಾಸ್ತ್ರೀಯ ನಾಮವನ್ನಿಟ್ಟನು. ‘ಸರ್ಸಿನಾಲಿಸ್’ ಎಂದರೆ ಸುರುಳಿಯಾದದ್ದು ಎಂದರ್ಥ. ಸುಳಿಯಿಂದ ಹೊಸದಾಗಿ ಹೊರಡುವ ಎಲೆಯ ಕಿರುಗರಿಗಳು ಗಡಿಯಾರದ ತಂತಿಯಂತೆ ಸುತ್ತಿಕೊಂಡಿರುವುದೇ ಈ ಹೆಸರಿಗೆ ಕಾರಣವು. ಮಲೆಯಾಳದಲ್ಲಿ ಇದನ್ನು ‘ಈಂದ್’ ಎಂದು ಕರೆಯುವರು.

ಕೇರಳ, ಕರ್ಣಾಟಕ, ತಮಿಳುನಾಡುಗಳ ಪಶ್ಚಿಮಘಟ್ಟದಲ್ಲಿಯೂ ಮಹಾರಾಷ್ಟ್ರದ ದಕ್ಷಿಣ ಭಾಗದಲ್ಲಿಯೂ ಮಾತ್ರ ಇದು ಸ್ವಾಭಾವಿಕವಾಗಿ ಬೆಳೆಯುವುದು. ಹಿಂದೆ ಸಿಂಹಳದಲ್ಲಿಯೂ ಪೂರ್ವದ್ವೀಪಗಳಲ್ಲಿಯೂ ಇರುವ ಇದೇ ವಂಶದ ಬೇರೆ ಮರಗಳನ್ನು ಇದೇ ಎಂದು ಎಣಿಸಿದ್ದರು. ಅನಂತರದ ಶೋಧನೆಗಳಿಂದ ಅವು ಬೇರೆ ಜಾತಿಗಳೆಂದು ಗೊತ್ತಾಗಿದೆ. ಕರ್ಣಾಟಕದಲ್ಲಿಯೇ ದೊರೆತ ಒಂದು ಬಗೆಯನ್ನು ೨೦೦೮ರಲ್ಲಿ ಸೈಕಾಸ್ ಸ್ವಾಮಿಯೈ ಎಂಬ ಪ್ರತ್ಯೇಕ ಜಾತಿಯೆಂದು ವಿಂಗಡಿಸಿದ್ದಾರೆ. ಹೀಗಾಗಿ ಒಂದು ಊರಿನ ಬೆಟ್ಟದಲ್ಲಿ ಅಳಿದುಹೋದ ಮರಕ್ಕೆ ಬದಲು ಬೇರೆ ದೇಶದಿಂದ ಬೀಜವನ್ನು ತಂದು ಹಾಕಿದರೆ ನಷ್ಟವು ತುಂಬಿಬರುವುದೆಂದು ತಿಳಿಯಲಾಗದು.

ಈಚಲಿಗೂ ಇದಕ್ಕೂ ಇರುವ ಭೇದ

ಹೆಸರಿನಲ್ಲಿ ಈಚಲು ಎಂದಿದ್ದರೂ ಇದು ಈಚಲು, ತಾಳೆ, ತೆಂಗು, ಅಡಿಕೆಗಳ ವರ್ಗಕ್ಕೆ ಸೇರಿದುದಲ್ಲ. ಅವುಗಳು ಹೂವನ್ನೂ ಹಣ್ಣನ್ನೂ ಬಿಡತಕ್ಕ ಸಸ್ಯಗಳು. ಮುಂಡೀಚಲಿನಲ್ಲಾದರೋ ನಿಜವಾದ ಹೂವೂ ಇಲ್ಲ, ಹಣ್ಣೂ ಇಲ್ಲ. ಹಣ್ಣಿನಂತೆ ಕಾಣುವುದು ತಿರುಳಿನ ಹೊದಿಕೆಯುಳ್ಳ ಬರಿಯ ಬೀಜವಾಗಿರುವುದು. ಬೀಜವು ಕಾಯಿಯೊಳಗೆ ಅಡಗದೆ ಬಯಲಾಗಿಯೇ ಇರುವುದರಿಂದ ಇಂತಹ ಸಸ್ಯಗಳಿಗೆ ನಗ್ನಬೀಜ ಸಸ್ಯಗಳೆಂದು ಹೆಸರು. ಹಿಮಾಲಯದ ದೇವದಾರುವೂ ಇದೇ ವರ್ಗದ್ದು. ಸೈಕಾಸ್‌ಗಳ ಬಳಗವು ಭೂಮಿಯ ಮೇಲೆ ಬಹು ಪುರಾತನವಾದದ್ದು. ಸುಮಾರು ೨೮ ಕೋಟಿ ವರ್ಷಗಳಷ್ಟು ಹಿಂದಿನ ಕಲ್ಲುಗಳಲ್ಲಿ ಈ ಬಳಗದ ಕುರುಹುಗಳು ದೊರೆತಿವೆ.

ಹೊಲದಲ್ಲಿ ಗುರುತಿಸುವ ಬಗೆಯು ಸುಲಭವು. ಈಚಲಿನ ಗರಿಗಳು ಮಡಿಸಿದಂತೆ ದೋಣಿಯಾಕಾರವಾಗಿದ್ದು ತುದಿಯಲ್ಲಿ ಮುಳ್ಳಿನಂತೆ ಚುಚ್ಚುವುವು. ಮುಂಡೀಚಲಿನ ಗರಿಗಳು ಚಪ್ಪಟೆಯಾಗಿ ಮೃದುವಾಗಿದ್ದು, ಪ್ರತಿಯೊಂದರ ನಡುವೆ ಒಂದೇ ಒಂದು ನರವು ಎದ್ದು ಕಾಣುವುದು. ಸಸಿಗಳನ್ನು ಮಾರುವ ತೋಟಗಳಲ್ಲಿ ಸಿಕ್ಕುವ ಸೈಕಾಸ್ ಸಾಮಾನ್ಯವಾಗಿ ಜಪಾನ್ ದೇಶದ ಸೈಕಾಸ್ ರಿವೊಲ್ಯೂಟ ಎಂಬ ಜಾತಿಯು. ಅದರ ಗರಿಗಳು ಇಕ್ಕಟ್ಟಾಗಿ, ಬಿರುಸಾಗಿ, ಅಂಚು ಕೆಳಕ್ಕೆ ಸುರುಳಿಗೊಂಡು ಇರುವುವು. ಅದನ್ನು ಅಂಗಳದಲ್ಲಿ ನೆಟ್ಟರೆ ಅಂದವಾದೀತು. ಆದರೆ ಅದರಿಂದ ನಮ್ಮ ಬೆಟ್ಟದ ಮರಕ್ಕೆ ಏನೂ ಉಪಕಾರವಿಲ್ಲ.

ಬೇರು, ಕಾಂಡ, ಎಲೆ

ಕಾಂಡವು ಸಾಮಾನ್ಯವಾಗಿ ೧೦ರಿಂದ ೧೫ ಅಡಿ ಎತ್ತರಕ್ಕೆ ಬೆಳೆಯುವುದು. ಕೆಲವು ಹಳೆಯ ಮರಗಳು ಇನ್ನೂ ಎತ್ತರವಾಗಿರುವುದುಂಟು. ಉದುರಿದ ಎಲೆಗಳ ಬುಡಗಳು ಕಾಂಡದ ಸುತ್ತ ಕವಚದಂತೆ ಉಳಿದುಕೊಳ್ಳುವುವು. ಈ ಕವಚದ ದೆಸೆಯಿಂದ ಬೆಟ್ಟದ ನೆಲಬೆಂಕಿಯನ್ನು ದೊಡ್ಡ ಮರವು ತಾಳಿಕೊಳ್ಳಬಲ್ಲುದು. ಆದರೆ ಸಣ್ಣ ಸಸಿಗಳಿಗೆ ಆ ಶಕ್ತಿಯಿಲ್ಲ. ಕಾಂಡದ ಒಳಗೆ ಹಿಟ್ಟಿನ ಅಂಶದಿಂದ ತುಂಬಿದ ಮೆತ್ತನೆಯ ತಿರುಳಿರುವುದು. ಎಲೆಗಳು ಹೋದಾಗ ಹೊಸ ಎಲೆಗಳನ್ನು ಹೊರಡಿಸುವುದಕ್ಕೆ ಮರವು ಈ ಕೂಡಿಟ್ಟ ಹಿಟ್ಟನ್ನೇ ಖರ್ಚುಮಾಡುವುದು.

ಎಲೆಗಳು ೫ರಿಂದ ೮ ಅಡಿ ಉದ್ದವಾಗಿ ಕಾಂಡದ ನೆತ್ತಿಯಲ್ಲಿ ಛತ್ರಿಯಂತೆ ಹರಡಿರುವುವು. ಒಂದೊಂದು ಎಲೆಯಲ್ಲಿ ೧೭೦ರಷ್ಟು ಗರಿಗಳಿರುವುವು. ತೊಟ್ಟಿನ ಎರಡು ಪಕ್ಕಗಳಲ್ಲಿಯೂ ಸಣ್ಣ ಮುಳ್ಳುಗಳುಂಟು. ಎಲೆಗಳು ಒಂದೊಂದಾಗಿ ಬಾರದೆ ಒಂದೇ ಬಾರಿಗೆ ಗುಂಪಾಗಿ ಹೊರಡುವುವು. ಆದುದರಿಂದ ಒಂದು ಸಾರಿಯ ಸುಳಿಯನ್ನು ಕಡಿದರೆ ಮರವು ತನ್ನ ಬಹುದಿನಗಳ ಗಳಿಕೆಯನ್ನು ಒಂದೇ ದಿನದಲ್ಲಿ ಕಳೆದುಕೊಂಡಂತೆ ಆಗುವುದು.

ಬೇಸಾಯಗಾರರು ವಿಶೇಷವಾಗಿ ಗಮನಿಸತಕ್ಕದ್ದು ಬೇರಿನ ಸಂಗತಿ. ಸಾಧಾರಣ ಬೇರುಗಳಲ್ಲದೆ, ನೆಲದ ಮೇಲ್ಪದರದಲ್ಲಿ ಹವಳದ ಕವಲುಗಳಂತೆ ಗಂಟುಗಂಟಾಗಿ ಮೇಲ್ಮುಖವಾಗಿ ಬೆಳೆಯುವ ಬೇರುಗಳು ಈ ಮರಕ್ಕುಂಟು. ಅದನ್ನು ಅಡ್ಡವಾಗಿ ಕೊಯ್ದು ನೋಡಿದರೆ ಒಳಗೆ ನೀಲಿಹಸುರಿನ ಒಂದು ಉಂಗುರವು ಕಾಣುವುದು. ಅದು ಒಂದು ಜಾತಿಯ ಸೂಕ್ಷ್ಮಜೀವಿಗಳ ಸಮೂಹ. ಹುರುಳಿ, ತೊಗರಿ, ಅಲಸಂದೆಗಳ ಬೇರಿನ ಗಂಟುಗಳಲ್ಲಿರುವ ಜೀವಾಣುಗಳಂತೆಯೇ ಇವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುವುವು. ಬಂಡೆಯ ಸಂದಿಯ ಬಡಮಣ್ಣಿನಲ್ಲಿಯೂ ಮುಂಡೀಚಲು ಹಸುರಾಗಿರುವುದಕ್ಕೆ ಇದೂ ಒಂದು ಕಾರಣವು. ಆದುದರಿಂದ ಮರದ ಬುಡವನ್ನು ಆಳವಾಗಿ ಅಗೆದು ಈ ಬೇರುಗಳನ್ನು ಕಿತ್ತೆಸೆಯಬಾರದು.

ಗಂಡು ಮತ್ತು ಹೆಣ್ಣು

ಮರವು ಗೊನೆ ಬಿಡುವ ವಯಸ್ಸಿಗೆ ಬರುವ ವರೆಗೆ ಅದು ಗಂಡೋ ಹೆಣ್ಣೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳುವುದು ಸಾಧ್ಯವಿಲ್ಲ. ಆ ವಯಸ್ಸಿಗೆ ಬರಲು ಹಲವು ವರ್ಷಗಳು ಹಿಡಿಯುವುವು. ಗಂಡು ಮರದ ನೆತ್ತಿಯಲ್ಲಿ ಸುಮಾರು ಒಂದೂವರೆ ಅಡಿ ಉದ್ದದ, ಮೊಟ್ಟೆಯ ಆಕಾರದ, ಕಂದುಮಿಶ್ರಿತ ಕಿತ್ತಳೆ ಬಣ್ಣದ ಒಂದು ಗೊನೆಯು ಹೊರಡುವುದು. ಅದರ ಒತ್ತಾದ ಚಕ್ಕೆಗಳ ಅಡಿಯಲ್ಲಿ ಪರಾಗವಿರುವುದು. ಪರಾಗವು ಉದುರುವ ಕಾಲದಲ್ಲಿ ಈ ಗೊನೆಯು ಬಿಸಿಯೇರಿ ಉಗ್ರವಾದ ವಾಸನೆಯನ್ನು ಹೊರಡಿಸುವುದು.

ಹೆಣ್ಣು ಮರದಲ್ಲಿ ಇಂತಹ ಒತ್ತಾದ ಗೊನೆಯಿಲ್ಲ. ಸುಮಾರು ಒಂದಡಿ ಉದ್ದದ, ಕಂದು ಬಣ್ಣದ ನವುರಾದ ತುಪ್ಪಟವುಳ್ಳ ಅನೇಕ ಸಣ್ಣ ಎಲೆಗಳಂತಹ ಅಂಗಗಳು ನೆತ್ತಿಯಲ್ಲಿ ಕೂಡಿಕೊಂಡಿರುವುವು. ಅವುಗಳ ಅಂಚುಗಳಲ್ಲಿ ಬೀಜವಾಗತಕ್ಕ ಮೊಗ್ಗುಗಳು ಸಾಲಾಗಿರುವುವು. ಬಲಿತ ಬೀಜವು ಒಂದರಿಂದ ಒಂದೂವರೆ ಅಂಗುಲ ಉದ್ದವಾಗಿದ್ದು ಕಿತ್ತಳೆ ಹಳದಿಯ ಬಣ್ಣಕ್ಕೆ ತಿರುಗುವುದು.

ಗಂಡಿನ ಪರಾಗವನ್ನು ಹೆಣ್ಣಿಗೆ ಮುಟ್ಟಿಸುವ ಕೆಲಸವನ್ನು ಗಾಳಿಯೂ ವಾಸನೆಗೆ ಬರುವ ಸಣ್ಣ ಜೀರುಂಡೆಗಳೂ ನಡೆಸುವುವು. ಪರಾಗವು ಮುಟ್ಟಿದ ಕೂಡಲೇ ಗರ್ಭವು ಕಟ್ಟುವುದಿಲ್ಲ. ಅದಕ್ಕೆ ಕೆಲವು ತಿಂಗಳುಗಳು ಬೇಕು. ಆ ಬಳಿಕ ಪರಾಗದ ನಳಿಕೆಯಿಂದ ಹೊರಟ ಗಂಡುಕಣವು ನೀರಿನಲ್ಲಿ ಈಜುವಂತೆ ಈಜಿಹೋಗಿ ಅಂಡವನ್ನು ಸೇರುವುದು. ಈ ವಿಚಿತ್ರವನ್ನು ೧೮೯೬ರಲ್ಲಿ ಜಪಾನಿನ ಇಕೆನೊ ಎಂಬ ಶಾಸ್ತ್ರಜ್ಞನು ಸೈಕಾಸ್ ರಿವೊಲ್ಯೂಟದಲ್ಲಿ ಕಂಡುಹಿಡಿದನು.

ಇಲ್ಲಿ ಜಮೀನಿನವರು ಮೋಸಹೋಗಬಹುದಾದ ಒಂದು ಸಂಗತಿಯುಂಟು. ಸೈಕಾಸ್ ಜಾತಿಗಳಲ್ಲಿ ಪರಾಗವು ಮುಟ್ಟದಿದ್ದರೂ ಬೀಜವು ಪೂರ್ಣಗಾತ್ರಕ್ಕೆ ಬೆಳೆಯುವುದುಂಟು. ಹೊರಗೆ ನೋಡಿದರೆ ಅದು ಒಳ್ಳೆಯ ಬೀಜದಂತೆಯೇ ತೋರುವುದು. ಒಳಗೆ ಮೊಳಕೆಯ ಅಂಕುರವಿರುವುದಿಲ್ಲ. ಹೆಣ್ಣು ಮರವು ತುಂಬ ಕಾಯಿಬಿಟ್ಟಿದೆಯೆಂದು ಒಡೆಯನು ಸಂತೋಷಪಡುತ್ತಿರುವಾಗಲೇ, ಸಮೀಪದಲ್ಲಿ ಗಂಡು ಮರವಿಲ್ಲದ ಕಾರಣ, ಆ ಕಾಯಿಗಳೆಲ್ಲವೂ ಬರಡಾಗಿರಬಹುದು.

ಒಂಟಿ ಮರದ ಗತಿ

ಇದು ಬರಿಯ ಭಯವಲ್ಲವೆಂಬುದಕ್ಕೆ ದಕ್ಷಿಣ ಆಫ್ರಿಕದಲ್ಲಿ ನಡೆದ ಒಂದು ಸಂಗತಿಯೇ ಸಾಕ್ಷಿಯು. ಇದೇ ಬಳಗಕ್ಕೆ ಸೇರಿದ ಒಂದು ಮರವನ್ನು ೧೮೯೫ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯಶಾಸ್ತ್ರಜ್ಞನು ಆ ದೇಶದ ಙೋಯೆ ಎಂಬ ಕಾಡಿನಲ್ಲಿ ಕಂಡನು. ಅದಕ್ಕೆ ಅವನ ಹೆಸರಿನಿಂದಲೇ ಎನ್ಸೆಫಲಾರ್ಟಸ್ ವುಡಿಯೈ ಎಂಬ ನಾಮವಾಯಿತು. ಅದು ಗಂಡು ಮರವಾಗಿತ್ತು. ಅಂದಿನಿಂದ ಇಂದಿನ ವರೆಗೆ ಎಷ್ಟು ಹುಡುಕಿದರೂ ಆ ಜಾತಿಯ ಹೆಣ್ಣು ಮರವೊಂದೂ ದೊರೆತಿಲ್ಲ. ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡವನ್ನೂ ೧೯೧೬ರಲ್ಲಿ ಅಲ್ಲಿಂದ ತೆಗೆದು ಊರಿಗೆ ಸಾಗಿಸಿದರು. ಲಂಡನ್ನಿನ ಕ್ಯೂ ಉದ್ಯಾನವೂ ಸೇರಿದಂತೆ ಅನೇಕ ತೋಟಗಳಲ್ಲಿ ಈಗ ಆ ಮರವುಂಟು. ಆದರೆ ಅವೆಲ್ಲವೂ ಆ ಒಂದೇ ಗಂಡಿನ ಮರಿಗಳಿಂದ ಬೆಳೆದವುಗಳು. ಲೋಕದ ಯಾವ ಐಶ್ವರ್ಯದಿಂದಲೂ ಆ ಜಾತಿಯ ಒಂದು ಬೀಜವನ್ನು ಪಡೆಯುವುದು ಇಂದು ಸಾಧ್ಯವಾಗಿಲ್ಲ.

ನಮ್ಮ ಮುಂಡೀಚಲು ಆ ದುರವಸ್ಥೆಗೆ ಬಂದಿಲ್ಲ. ಅದರ ಗಂಡೂ ಹೆಣ್ಣೂ ಇನ್ನೂ ಕಾಡುಗಳಲ್ಲಿವೆ. ಆದರೆ ಒಂದು ದೇಶಕ್ಕೆ ಆದ ಸ್ಥಿತಿಯು ಒಂದೊಂದು ಗ್ರಾಮದ ಮಟ್ಟದಲ್ಲಿ ಸದ್ದಿಲ್ಲದೆ ಸಂಭವಿಸಬಹುದು. ಸುತ್ತಣ ಮರಗಳು ಹೋಗಿ ಒಂದು ಊರಿನಲ್ಲಿ ಹೆಣ್ಣು ಮಾತ್ರ, ಇನ್ನೊಂದು ಊರಿನಲ್ಲಿ ಗಂಡು ಮಾತ್ರ ಉಳಿದರೆ, ಎರಡು ಊರುಗಳಲ್ಲಿಯೂ ಮರವು ಇದ್ದೂ ಇಲ್ಲದಂತೆ ಆಗುವುದು.

ಉಪಯೋಗಗಳೂ ವಿಷದ ಸಂಗತಿಯೂ

ಮಲಬಾರಿನ ಕಡೆಯಲ್ಲಿ ಈ ಬೀಜದ ತಿರುಳನ್ನು ಒಣಗಿಸಿ, ಬಹುಸಲ ನೀರು ಬದಲಿಸಿ ನೆನೆಯಿಟ್ಟು, ಹಿಟ್ಟುಮಾಡಿ ಅಡಿಗೆಗೆ ಉಪಯೋಗಿಸುವ ರೂಢಿಯುಂಟು. ಗಂಡುಗೊನೆಯ ಚಕ್ಕೆಗಳು ‘ಮದನಕಾಮಪ್ಪೂ’ ಎಂಬ ಹೆಸರಿನಿಂದ ಗ್ರಂಧಿಗೆ ಅಂಗಡಿಗಳಿಗೆ ಹೋಗುವುವು. ಎಲೆಗಳು ಬಹುದಿನ ಬಾಡದೆ ಇರುವುದರಿಂದ ಮದುವೆಯ ಚಪ್ಪರಗಳಿಗೂ ಸಭಾಮಂಟಪಗಳ ಅಲಂಕಾರಕ್ಕೂ ಅವುಗಳನ್ನು ಕಡಿಯುವರು.

ಆದರೆ ಬೀಜವೂ ಎಲೆಯೂ ಸ್ವಭಾವತಃ ವಿಷಯುಕ್ತವಾದವು. ಅವುಗಳಲ್ಲಿ ಸೈಕಾಸಿನ್ ಎಂಬ ವಿಷಪದಾರ್ಥವಿದ್ದು ಅದು ಪಿತ್ತಕೋಶವನ್ನು, ಅಂದರೆ ಈಲಿಯನ್ನು ಕೆಡಿಸುವುದು. ಆ ವಿಷವು ನೀರಿನಲ್ಲಿ ಕರಗುವುದರಿಂದಲೇ ಹಿಂದಿನವರು ನೀರನ್ನು ಮತ್ತೆ ಮತ್ತೆ ಬದಲಿಸಿ ನೆನೆಯಿಡುವ ಕ್ರಮವನ್ನಿಟ್ಟುಕೊಂಡಿದ್ದರು. ಆ ಕ್ರಮವನ್ನು ಅರಿಯದವರು ಈ ಬೀಜವನ್ನು ಆಹಾರಕ್ಕೆ ಬಳಸಕೂಡದು. ಈ ಬಳಗದ ಸಸ್ಯಗಳ ಎಲೆಯನ್ನು ಮೇದ ದನಗಳಿಗೆ ಹಿಂಗಾಲುಗಳ ಸ್ವಾಧೀನವು ತಪ್ಪಿ ತೂರಾಡುವ ರೋಗವುಂಟಾಗುವುದನ್ನು ಆಸ್ಟ್ರೇಲಿಯ ದೇಶದಲ್ಲಿ ಬಹುಕಾಲದಿಂದ ಬಲ್ಲರು. ಬೀಜವನ್ನು ಕಡಿದು ತಿಂದ ನಾಯಿಗಳು ಸಾಯುವುದುಂಟು. ಆದುದರಿಂದ ಕಡಿದ ಎಲೆಗಳನ್ನು ಕೊಟ್ಟಿಗೆಗೆ ಹಾಕಬಾರದು. ಬೀಜವನ್ನು ನೆನೆಸಿದ ನೀರನ್ನು ದನಗಳು ಕುಡಿಯುವ ಕಡೆಯಲ್ಲಿ ಚೆಲ್ಲಬಾರದು.

ಕ್ಷೀಣಿಸುವುದಕ್ಕೆ ಕಾರಣಗಳು

ಮೊದಲನೆಯ ಕಾರಣವು ನೆಲೆಯ ನಾಶ. ಬೆಟ್ಟದ ಇಳಿಜಾರುಗಳನ್ನು ತೋಟಗಳಿಗೂ ರಸ್ತೆಗಳಿಗೂ ಕಟ್ಟಡಗಳಿಗೂ ಬಯಲುಮಾಡುವಾಗ, ನಾಟಾ ಮರವಲ್ಲದ ಮುಂಡೀಚಲನ್ನು ಕೇಳುವವರೇ ಇಲ್ಲವಾಗಿ ಅದು ಕಳೆಯೊಂದಿಗೆ ಕಳೆಯಾಗಿ ಹೋಗುವುದು.

ಎರಡನೆಯದು ಎಲೆಯ ಕೊಯ್ಲು. ವರ್ಷವರ್ಷವೂ ನೆತ್ತಿಯನ್ನು ಬೋಳಾಗಿಸಿದರೆ ಕಾಂಡದಲ್ಲಿ ಕೂಡಿದ ಹಿಟ್ಟು ತೀರುತ್ತ ಬಂದು ಮರವು ಗೊನೆ ಬಿಡುವ ಶಕ್ತಿಯನ್ನು ಕಳೆದುಕೊಳ್ಳುವುದು.

ಮೂರನೆಯದು ಬೀಜ ಮತ್ತು ಗೊನೆಗಳ ಸಂಗ್ರಹ. ಕೆಳಗೆ ಬಿದ್ದ ಬೀಜವನ್ನೆಲ್ಲ ಆರಿಸಿದರೆ ಮರದಡಿಯಲ್ಲಿ ಸಸಿಯಿಲ್ಲ. ಗಂಡುಗೊನೆಯನ್ನೆಲ್ಲ ಕಡಿದರೆ ಬೀಜದಲ್ಲಿ ಮೊಳಕೆಯಿಲ್ಲ. ಇವೆರಡರಲ್ಲಿ ಎರಡನೆಯ ನಷ್ಟವು ಕಣ್ಣಿಗೆ ಕಾಣದ್ದಾದುದರಿಂದ ಹೆಚ್ಚು ಅಪಾಯಕರವಾದದ್ದು.

ನಾಲ್ಕನೆಯದು ಬೆಂಕಿ ಮತ್ತು ದನಗಳ ತುಳಿತ. ಬೀಜವು ಭಾರವಾದುದರಿಂದ ಹೆಚ್ಚಾಗಿ ತಾಯಿಮರದ ಬಳಿಯಲ್ಲಿಯೇ ಬಿದ್ದು ಮೊಳೆಯುವುದು. ಅಲ್ಲಿ ಪ್ರತಿ ಬೇಸಗೆಯಲ್ಲಿಯೂ ತರಗಿಗೆ ಬೆಂಕಿ ಬಿದ್ದರೆ ಹಳೆಯ ಮರಗಳು ಉಳಿಯುವುವು, ಎಳೆಯವು ಒಂದೂ ಉಳಿಯುವುದಿಲ್ಲ. ಮುದುಕರೇ ಇದ್ದು ಮಕ್ಕಳಿಲ್ಲದ ಮನೆಯಂತೆ ಆ ಬೆಟ್ಟವು ಆಗುವುದು.

ಹೊರದೇಶದ ಗಿಡಗಳೊಂದಿಗೆ ಬರುವ ಕೀಟಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಶಾಂತಸಾಗರದ ಗ್ವಾಮ್ ದ್ವೀಪದಲ್ಲಿ ೨೦೦೩ರಲ್ಲಿ ಕಾಣಿಸಿಕೊಂಡ ಒಂದು ಬಿಳಿಯ ಶಲ್ಕಕೀಟದಿಂದ, ಅಲ್ಲಿ ಹೇರಳವಾಗಿದ್ದ ಸೈಕಾಸ್ ಮರಗಳು ಕೆಲವೇ ವರ್ಷಗಳಲ್ಲಿ ಅಪಾಯದ ಸ್ಥಿತಿಗೆ ಬಂದುವು. ಎಲೆಯ ಮೇಲೆ ಬಿಳಿಯ ಹೊಟ್ಟನ್ನು ಉದುರಿಸಿದಂತೆ ಕಾಣುವ ಸೈಕಾಸ್ ಗಿಡವನ್ನು ಎಷ್ಟು ಅಗ್ಗವಾಗಿ ಸಿಕ್ಕಿದರೂ ಊರಿಗೆ ತರಕೂಡದು.

ಬತ್ತದ ಗದ್ದೆಯೂ ಗಂಡುಗೊನೆಯೂ

ಬತ್ತವು ಹಾಲುಗಟ್ಟುವ ಸಮಯದಲ್ಲಿ ತೆನೆಯ ರಸವನ್ನು ಹೀರಿ ಕಾಳನ್ನು ಜೊಳ್ಳುಮಾಡುವ, ಕೆಟ್ಟ ವಾಸನೆಯ ತೆನೆತಿಗಣೆಯನ್ನು ಎಲ್ಲ ರೈತರೂ ಬಲ್ಲರು. ಮುಂಡೀಚಲಿನ ಗಂಡುಗೊನೆಯನ್ನು ಕಡಿದು ಗದ್ದೆಯಲ್ಲಿ ಕೋಲಿಗೆ ಸಿಕ್ಕಿಸಿ ನಿಲ್ಲಿಸಿದರೆ ಅದರ ವಾಸನೆಗೆ ಈ ತಿಗಣೆಯು ತೊಲಗುವುದೆಂಬ ನಂಬಿಕೆಯು ಕೇರಳದ ಬೇಸಾಯಗಾರರಲ್ಲಿ ಹಳೆಯದು. ಹಿಂದೆ ಮರಗಳು ಹೇರಳವಾಗಿದ್ದಾಗ ಕೆಲವು ಗೊನೆಗಳು ಗದ್ದೆಗೆ ಹೋದರೂ ಉಳಿದವು ಬೆಟ್ಟಕ್ಕೆ ಸಾಕಾಗುತ್ತಿದ್ದುವು. ಈಗ ಮರಗಳೇ ವಿರಳವಾಗಿರುವಲ್ಲಿ ಕಡಿದ ಒಂದು ಗೊನೆಯು ಸುತ್ತಲಿನ ಹೆಣ್ಣು ಮರಗಳ ಆ ಸಲದ ಫಲವನ್ನೆಲ್ಲ ಬರಡುಮಾಡಬಹುದು.

ಬೆಳೆಯನ್ನು ಕೈಬಿಟ್ಟು ಮರವನ್ನು ಕಾಪಾಡಿರೆಂದು ಯಾರೂ ಹೇಳುವುದಿಲ್ಲ. ತಿಗಣೆಯ ಹತೋಟಿಗೆ ಬೇರೆ ಉಪಾಯಗಳಿವೆ. ಬತ್ತವಿಲ್ಲದ ಕಾಲದಲ್ಲಿ ಈ ಕೀಟವು ಬದುವಿನ ಹುಲ್ಲುಗಳ ಮೇಲೆ ಬದುಕುವುದು. ಆದುದರಿಂದ ಬದುಗಳನ್ನೂ ಕಾಲುವೆಯ ದಡಗಳನ್ನೂ ಕಳೆಯಿಲ್ಲದಂತೆ ಇಡತಕ್ಕದ್ದು. ಒಂದು ಬಯಲಿನವರೆಲ್ಲರೂ ಒಂದೇ ಸಮಯದಲ್ಲಿ ನಾಟಿಮಾಡಿದರೆ ತೆನೆಯು ಒಟ್ಟಿಗೆ ಬಂದು, ಕೀಟವು ಒಂದು ಗದ್ದೆಯಿಂದ ಮತ್ತೊಂದಕ್ಕೆ ಹೋಗಿ ಹೆಚ್ಚುವುದಕ್ಕೆ ಅವಕಾಶವಿಲ್ಲ. ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಕೈಬಲೆಯಿಂದ ತೆನೆಗಳ ಮೇಲೆ ಬೀಸಿ ಹಿಡಿದು ಕೊಲ್ಲಬಹುದು. ಇವೆಲ್ಲವೂ ಒಬ್ಬರಿಂದ ಆಗುವ ಕೆಲಸವಲ್ಲ; ಊರಿನವರು ಒಟ್ಟಾಗಿ ಮಾಡಿದರೆ ಮಾತ್ರ ಫಲವುಂಟು. ಒಂದು ವೇಳೆ ಗೊನೆಯನ್ನೇ ಉಪಯೋಗಿಸಬೇಕೆಂದಿದ್ದರೆ, ಪರಾಗವೆಲ್ಲ ಉದುರಿ ಮುಗಿದು ಸಡಿಲವಾದ ಗೊನೆಯನ್ನು ಮಾತ್ರ ತೆಗೆಯತಕ್ಕದ್ದು.

ಸಸಿಗಳನ್ನು ಮಾಡುವ ಕ್ರಮ

ಬೀಜವನ್ನು ಸ್ವಂತ ಹಿಡುವಳಿಯ ಮರಗಳಿಂದಲೇ ಆರಿಸಬೇಕು; ಕಾದಿಟ್ಟ ಅರಣ್ಯದಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತರಕೂಡದು. ತಾನಾಗಿ ಉದುರಿದ, ಪೂರ್ಣವಾಗಿ ಬಣ್ಣವೇರಿದ ಬೀಜಗಳನ್ನು ತೆಗೆದುಕೊಂಡು, ಅವುಗಳಲ್ಲಿಯೂ ಒಂದು ಪಾಲನ್ನು ಮರದಡಿಯಲ್ಲಿಯೇ ಬಿಡತಕ್ಕದ್ದು. ಹೊರಗಿನ ತಿರುಳನ್ನು ಬಿಡಿಸಿ ತೊಳೆಯುವಾಗ ಕೈಗೆ ಚೀಲವನ್ನು ಹಾಕಿಕೊಳ್ಳುವುದು ಒಳ್ಳೆಯದು.

ಬೀಜವು ಉದುರುವ ಕಾಲಕ್ಕೆ ಒಳಗಿನ ಅಂಕುರವು ಪೂರ್ತಿ ಬಲಿತಿರುವುದಿಲ್ಲ. ಆದುದರಿಂದ ನೆರಳಿನಲ್ಲಿ ಕೆಲಕಾಲ ಇಟ್ಟು, ಬಳಿಕ ಮರಳುಮಿಶ್ರಿತ ಮಣ್ಣಿನ ಮಡಿಯಲ್ಲಿ ಅಡ್ಡಲಾಗಿ ಮಲಗಿಸಿ ಅರ್ಧ ಮಾತ್ರ ಮುಚ್ಚುವಂತೆ ಬಿತ್ತಬೇಕು. ಮಡಿಯು ತೇವವಾಗಿರಬೇಕು, ಆದರೆ ನೀರು ನಿಲ್ಲಬಾರದು. ಮೊಳೆಯುವುದಕ್ಕೆ ಅನೇಕ ತಿಂಗಳುಗಳು ಹಿಡಿಯಬಹುದು. ಬೇಗನೆ ಮೊಳೆಯಲಿಲ್ಲವೆಂದು ಮಡಿಯನ್ನು ಕೆದಕಿಹಾಕಬಾರದು. ಸಸಿಯು ಎರಡು ಮೂರು ಎಲೆಗಳನ್ನು ಬಿಟ್ಟ ಮೇಲೆ ಮುಂಗಾರಿನ ಆರಂಭದಲ್ಲಿ, ನೀರು ಬಸಿದುಹೋಗುವ ಇಳಿಜಾರಿನಲ್ಲಿ, ಅರೆನೆರಳಿನ ಸ್ಥಳದಲ್ಲಿ ನೆಡುವುದು ಉತ್ತಮವು. ನೀಲಿ ಬಣ್ಣದ ಒಂದು ಸಣ್ಣ ಚಿಟ್ಟೆಯ ಹುಳುಗಳು ಎಳೆಯ ಸುಳಿಯನ್ನು ತಿಂದುಹಾಕುವುವು. ಅವುಗಳ ಬಳಿ ಇರುವೆಗಳು ಓಡಾಡುತ್ತಿರುವುದೇ ಗುರುತು. ಸುಳಿಯು ಬರುವ ದಿನಗಳಲ್ಲಿ ಆಗಾಗ್ಗೆ ನೋಡಿ ಹುಳುಗಳನ್ನು ಕೈಯಿಂದ ಆರಿಸಿಹಾಕಬೇಕು.

ಸಸಿಯ ಲಿಂಗವು ಮೊದಲು ತಿಳಿಯದ ಕಾರಣ ಒಂದೆರಡನ್ನು ನೆಡುವುದರಿಂದ ಪ್ರಯೋಜನವಿಲ್ಲ. ಗಂಡೂ ಹೆಣ್ಣೂ ಸಮಸಮವಾಗಿ ಹುಟ್ಟುವುವೆಂದು ಎಣಿಸಿದರೆ, ೫ ಸಸಿಗಳ ಗುಂಪುಗಳಲ್ಲಿ ಸರಾಸರಿ ೧೬ಕ್ಕೆ ಒಂದು ಗುಂಪು ಒಂದೇ ಲಿಂಗದ್ದಾಗುವುದು. ಗುಂಪಿನಲ್ಲಿ ೧೦ ಸಸಿಗಳಿದ್ದರೆ ಆ ಪ್ರಮಾಣವು ೫೧೨ಕ್ಕೆ ಒಂದಕ್ಕೆ ಇಳಿಯುವುದು. ಆದುದರಿಂದ ಒಂದೊಂದು ಸ್ಥಳದಲ್ಲಿ ೧೦ಕ್ಕೆ ಕಡಮೆಯಿಲ್ಲದಂತೆ ಗುಂಪಾಗಿ ನೆಡತಕ್ಕದ್ದು.

ಊರಿನಲ್ಲಿ ಒಂದೇ ಲಿಂಗದ ಮರಗಳಿದ್ದರೆ ಬೇರೆ ಎರಡು ಉಪಾಯಗಳುಂಟು. ಬಲಿತ ಮರದ ಬುಡದಲ್ಲಿಯೂ ಕಾಂಡದ ಮೇಲೆಯೂ ಹುಟ್ಟುವ ಮರಿಗಳನ್ನು ಹರಿತವಾದ ಕತ್ತಿಯಿಂದ ಬೇರ್ಪಡಿಸಿ, ಗಾಯವನ್ನು ನೆರಳಿನಲ್ಲಿ ಒಣಗಿಸಿ, ಮರಳಿನಲ್ಲಿ ಊರಿದರೆ ಬೇರು ಬಿಡುವುದು. ಮರಿಯು ತಾಯಿಮರದ ಲಿಂಗದ್ದೇ ಆಗಿರುವುದರಿಂದ, ಗಂಡಿಲ್ಲದ ಊರಿಗೆ ಗಂಡನ್ನು ತರುವುದಕ್ಕೆ ಇದೇ ನಿಶ್ಚಿತವಾದ ಮಾರ್ಗವು. ಎರಡನೆಯದು ಕೈಪರಾಗ. ನೆರೆಯೂರಿನ ಗಂಡುಗೊನೆಯು ಪರಾಗವನ್ನು ಉದುರಿಸುವಾಗ ಅದರ ಕೆಳಗೆ ಕಾಗದವನ್ನು ಹಿಡಿದು ಮೆಲ್ಲಗೆ ತಟ್ಟಿ ಪರಾಗವನ್ನು ಕೂಡಿಸಿ, ತೇವ ತಾಗದಂತೆ ಸೀಸೆಯಲ್ಲಿಡಬೇಕು. ಹೆಣ್ಣಿನ ಅಂಗಗಳು ಸಡಿಲವಾಗಿ ನಡುವೆ ಸಂದಿಗಳು ಕಾಣಿಸುವಾಗ ಕೆಲವು ದಿನಗಳು ಬಿಡದೆ ಕುಂಚದಿಂದ ಆ ಸಂದಿಗಳೊಳಕ್ಕೆ ಪರಾಗವನ್ನು ಉದುರಿಸತಕ್ಕದ್ದು. ಗೊನೆಯನ್ನು ಕಡಿಯದೆಯೇ ಈ ಕೆಲಸವನ್ನು ಮಾಡಬಹುದು.

ಗ್ರಾಮಪ್ರಮುಖರು ಮಾಡಬೇಕಾದ ಕೆಲಸ

ಪರದೇಶಗಳೊಂದಿಗೆ ನಡೆಯುವ ಪ್ರಾಣಿಸಸ್ಯಗಳ ವ್ಯಾಪಾರವನ್ನು ಹತೋಟಿಯಲ್ಲಿಡುವುದಕ್ಕಾಗಿ ೧೯೭೩ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಮುಂಡೀಚಲು ಸೇರಿದೆ. ಇದರ ಬಂಧುವಾಗಿ ತಿರುಮಲೆಯ ಸುತ್ತಣ ಬೆಟ್ಟಗಳಲ್ಲಿರುವ ಸೈಕಾಸ್ ಬೆಡ್ಡೋಮಿಯೈ ಎಂಬ ಜಾತಿಯು ಅದಕ್ಕಿಂತ ಬಿಗಿಯಾದ ಮೊದಲನೆಯ ಪಟ್ಟಿಯಲ್ಲಿದ್ದು, ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೧೯೯೧ರಲ್ಲಿ ಆದ ತಿದ್ದುಪಡಿಯಿಂದ ನಮ್ಮ ದೇಶದ ಕಾನೂನಿನ ವಿಶೇಷ ರಕ್ಷಣೆಯನ್ನೂ ಪಡೆಯಿತು. ಆದರೆ ಕಾನೂನು ಬಂದರಿನಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಕೆಲಸಮಾಡುವುದು. ಬೇಲಿಯ ಬಳಿ ಕತ್ತಿಯನ್ನು ತಡೆಯುವವನು ಭೂಮಿಯ ಒಡೆಯನೇ.

೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಏರ್ಪಡಬೇಕು. ಊರಿನ ಸಸ್ಯಪ್ರಾಣಿಗಳ ಜನತಾ ದಾಖಲೆಯನ್ನು ಸಿದ್ಧಪಡಿಸುವುದು ಈ ಸಮಿತಿಯ ಕರ್ತವ್ಯವು. ಗ್ರಾಮ ಪಂಚಾಯತಿಯ ಪ್ರಮುಖರು ಈ ದಾಖಲೆಯಲ್ಲಿ ತಮ್ಮ ಊರಿನ ಮುಂಡೀಚಲುಗಳನ್ನು ಬರೆಸತಕ್ಕದ್ದು. ಬರೆಸುವಾಗ ಮರಗಳ ಎಣಿಕೆಯೊಂದೇ ಸಾಲದು. ಗಂಡೆಷ್ಟು, ಹೆಣ್ಣೆಷ್ಟು, ಗೊನೆ ಬಿಡದ ಎಳೆಯವೆಷ್ಟು ಎಂಬ ಮೂರು ಅಂಕಣಗಳು ಇರಲೇಬೇಕು. ಎಳೆಯವುಗಳ ಅಂಕಣವು ಬರಿದಾಗಿದ್ದರೆ ಆ ಊರಿನಲ್ಲಿ ಈ ಮರದ ಆಯುಸ್ಸು ಈಗಿರುವ ಮರಗಳ ಆಯುಸ್ಸಿನಷ್ಟೇ ಎಂದು ತಿಳಿಯತಕ್ಕದ್ದು. ಇದೇ ಕಾಯಿದೆಯ ಪ್ರಕಾರ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಿಸೆ ತೋಪನ್ನು ೨೦೦೭ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸ ಲಾಯಿತು. ಒಂದು ಹಳ್ಳಿಯ ಹಳೆಯ ಮರಗಳಿಗೂ ಸರ್ಕಾರದ ಮನ್ನಣೆಯು ದೊರೆಯಬಲ್ಲುದೆಂಬುದಕ್ಕೆ ಇದೇ ನಿದರ್ಶನ.

ಕೊಡಗಿನ ಬಾಣೆ ಮತ್ತು ದೇವರಕಾಡುಗಳು, ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳು, ಶಿವಮೊಗ್ಗೆಯ ಕಾನುಗಳು, ದಕ್ಷಿಣ ಕನ್ನಡದ ಕುಮ್ಕಿ ಭೂಮಿಗಳು ಈ ಮರಕ್ಕೆ ತಕ್ಕ ಆಶ್ರಯಗಳಾಗಬಲ್ಲವು. ಇಂತಹ ಭೂಮಿಗಳನ್ನು ಅನುಭವಿಸುತ್ತಿರುವವರು ಈ ಕೆಳಗಿನ ಕಟ್ಟಳೆಗಳನ್ನು ಇಟ್ಟುಕೊಂಡರೆ ಸಾಕು:

೧. ಸೊಪ್ಪು ಸವರುವಾಗ ಮುಂಡೀಚಲಿನ ಸುಳಿಯನ್ನು ಮುಟ್ಟದಿರುವುದು. ಚಪ್ಪರಕ್ಕೆ ಬೇಕಾದಲ್ಲಿ ಕೆಳಸುತ್ತಿನ ಹಳೆಯ ಎಲೆಗಳಲ್ಲಿ ಕೆಲವನ್ನು ಮಾತ್ರ ತೆಗೆಯುವುದು.

೨. ಪರಾಗವು ಉದುರಿ ಮುಗಿಯುವ ವರೆಗೆ ಗಂಡುಗೊನೆಯನ್ನು ಕಡಿಯದಿರುವುದು.

೩. ಬೀಜದಲ್ಲಿ ಒಂದು ಪಾಲನ್ನು ತಾಯಿಮರದ ಅಡಿಯಲ್ಲಿಯೇ ಬಿಡುವುದು.

೪. ಬೇಸಗೆಗೆ ಮುಂಚೆ ಮರಗಳ ಗುಂಪಿನ ಸುತ್ತ ತರಗನ್ನು ಗುಡಿಸಿ ಬೆಂಕಿಗೆ ಅಡ್ಡಿಯಾಗಿ ಒಂದು ಪಟ್ಟೆಯನ್ನು ಬೋಳಾಗಿಡುವುದು.

೫. ನೆರೆಹೊರೆಯ ಒಡೆಯರು ಒಬ್ಬರಿಗೊಬ್ಬರು ತಮ್ಮಲ್ಲಿರುವುದು ಗಂಡೋ ಹೆಣ್ಣೋ ಎಂಬುದನ್ನು ತಿಳಿಸುವುದು, ಮರಿಗಳನ್ನೂ ಪರಾಗವನ್ನೂ ಕೊಟ್ಟು ತೆಗೆದುಕೊಳ್ಳುವುದು.

ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಹಣದ ಖರ್ಚಿಲ್ಲ. ಬೆಳೆಗೆ ನಷ್ಟವೂ ಇಲ್ಲ. ಮುಂಡೀಚಲು ಬಹು ನಿಧಾನವಾಗಿ ಬೆಳೆಯುವ ಮರವಾದುದರಿಂದ ಇಂದು ನೆಟ್ಟವನು ಅದರ ಗೊನೆಯನ್ನು ತಾನೇ ಕಾಣುವನೆಂಬ ಭರವಸೆಯಿಲ್ಲ. ಆದರೆ ಮಾವನ್ನೂ ಹಲಸನ್ನೂ ಹುಣಿಸೆಯನ್ನೂ ನೆಟ್ಟ ಹಿರಿಯರು ಆ ಲೆಕ್ಕವನ್ನು ನೋಡಲಿಲ್ಲ. ಬರುವ ಗೊನೆಯ ಕಾಲದಲ್ಲಿ ಪ್ರತಿಯೊಬ್ಬ ಒಡೆಯನೂ ತನ್ನ ಭೂಮಿಯ ಮುಂಡೀಚಲನ್ನು ಒಮ್ಮೆ ನಿಂತು ನೋಡಿ, ಅದು ಗಂಡೋ ಹೆಣ್ಣೋ ಎಂದು ಗುರುತಿಸಿ, ಅದರ ಜೊತೆಯು ಎಲ್ಲಿದೆಯೆಂದು ವಿಚಾರಿಸಲಿ. ಆ ವಿಚಾರಣೆಯೇ ಸಂರಕ್ಷಣೆಯ ಮೊದಲ ಹೆಜ್ಜೆಯು.